ವೇಪ್‌ನಲ್ಲಿ ಸರಿಪಡಿಸಬಹುದಾದ ದೋಷ ಯಾವುದು, ಆಗದ್ದು ಯಾವುದು?

ವೀಡಿಯೋ ನೋಡೋಕೆ ಪುರುಸೊತ್ತಿಲ್ಲ, ಬಸ್ಸಲ್ಲಿ ಮೆಟ್ರೋದಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಈ ವಾರದ ಮಾತುಕತೆ ಬರಹದಲ್ಲಿ.

ಹೋದ ತಿಂಗಳು ಶಿವಾಜಿನಗರದಲ್ಲಿ ಹಿಂಜವಡಿಗೆ ಹೋಗೋ ಕಂಪನಿ ಬಸ್ಸಿಗೆ ಕಾಯ್ತಾ ಟಪರಿ ಹತ್ರ ಚಹಾ ಕುಡೀತಿದ್ದೆ. ಜೊತೆಗೆ ನಮ್ಮ ಟೀಮಿನ ಹುಡುಗ, ವಿಜಯಪುರ ಕಡೆಯವನು. ಮೊದಲು ದಿನಕ್ಕೆ ಎಂಟು ಸಿಗರೇಟು ಸೇದ್ತಿದ್ದ. ಆವತ್ತು ಜೇಬಿಂದ ಹೈಲೈಟರ್ ಪೆನ್ನಿನಂಥದ್ದೊಂದು ತೆಗೆದು ಎಳೆದ. ಸುತ್ತ ಮಾವಿನಹಣ್ಣಿನ ವಾಸನೆ. "ಸರ, ಇದ್ರಾಗ ಹೊಗೀನ ಇಲ್ರಿ, ಬರೇ ಉಗಿ. ಇನ್ನೊಂದೆರಡು ವರ್ಷ ತಡೀರಿ, ಇದ್ರಾಗಿನ ಡಿಫೆಕ್ಟ್ ಎಲ್ಲಾ ತಗದು ಪೂರಾ ಸೇಫ್ ಮಾಡ್ತಾರ" ಅಂದ. ಹತ್ತು ನಿಮಿಷದಲ್ಲಿ ಬಸ್ಸು ಬಂತು. ಅಷ್ಟರೊಳಗೆ ಅವನು ಒಂದು ಸಿಗರೇಟನ್ನೂ ಹಚ್ಚಿ ಮುಗಿಸಿದ್ದ.

ಅವನ ಮಾತು ಅರ್ಧ ನಿಜ. ಉಳಿದ ಅರ್ಧ ಯಾಕೆ ನಿಜ ಅಲ್ಲ ಅನ್ನೋದೇ ಇವತ್ತಿನ ವಿಷಯ.

ಒಳಗೆ ಏನಿದೆ?

ಹೊಗೆ ಇಲ್ಲದ ಸಿಗರೇಟಿಗೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲೇ ಪೇಟೆಂಟ್ ಪಡೆದಿದ್ದರು, ಆದರೆ ಅದು ಮಾರುಕಟ್ಟೆಗೆ ಬರಲಿಲ್ಲ. ಇವತ್ತಿನ ಇ-ಸಿಗರೇಟಿನ ಮೂಲ ಚೀನಾದ ಫಾರ್ಮಸಿಸ್ಟ್ ಹೋನ್ ಲಿಕ್ 2003ರಲ್ಲಿ ಮಾಡಿದ ಸಾಧನ.

ರಚನೆ ಸರಳ. ಒಂದು ಲಿಥಿಯಂ ಬ್ಯಾಟರಿ, ನೀವು ಎಳೆದದ್ದನ್ನು ಗುರುತಿಸೋ ಒಂದು ಸೆನ್ಸರ್, ಒಂದು ಲೋಹದ ಕಾಯಿಲ್, ಅದಕ್ಕೆ ದ್ರವ ಊಡಿಸೋ ಹತ್ತಿ ಬತ್ತಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಫ್ಲೇವರ್. ಎಳೆದಾಗ ಕಾಯಿಲ್ ಕಾಯುತ್ತೆ, ದ್ರವ ಸಣ್ಣ ಹನಿಗಳ ಮಂಜಾಗಿ ಬರುತ್ತೆ. ನಾವು "ಉಗಿ" ಅನ್ನೋದು ನೀರಿನ ಉಗಿ ಅಲ್ಲ, ಈ ಮಂಜು.

ಸಿಗರೇಟು ಎಳೆದಾಗ ಅದರ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತೆ. ಟಾರು, ಕಾರ್ಬನ್ ಮಾನಾಕ್ಸೈಡ್ ಹುಟ್ಟೋದು ಆ ಉರಿಯಿಂದ. ವೇಪ್‌ನಲ್ಲಿ ಏನೂ ಉರಿಯಲ್ಲ. ಹಾಗಾಗಿ ಸಿಗರೇಟು ಪೂರ್ತಿ ಬಿಟ್ಟು ಇದಕ್ಕೆ ಬಂದವರ ದೇಹಕ್ಕೆ ಆ ವಿಷಗಳು ಕಡಿಮೆ ಸೇರುತ್ತವೆ ಅನ್ನೋದು ನಿಜ. ಗಮನಿಸಿ, "ಪೂರ್ತಿ ಬಿಟ್ಟು" ಅಂದೆ. ನಮ್ಮ ಹುಡುಗನ ಥರ ಎರಡೂ ಸೇದೋರಿಗೆ ಈ ಲೆಕ್ಕ ಅನ್ವಯಿಸಲ್ಲ.

ಸರಿಪಡಿಸಬಹುದಾದ ದೋಷಗಳು

ಒಂದು, ಒಣ ಬತ್ತಿ. ದ್ರವ ಮುಗಿದ ಮೇಲೂ ಎಳೆದರೆ ಕಾಯಿಲ್ ವಿಪರೀತ ಕಾದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ರಾಸಾಯನಿಕಗಳು ಹುಟ್ತವೆ. ಇದಕ್ಕೆ ಪರಿಹಾರ ಇದೆ. ಕಾಯಿಲ್‌ನ ರೆಸಿಸ್ಟೆನ್ಸ್ ನೋಡಿ ಉಷ್ಣತೆ ಅಳೆದು, ಮಿತಿ ದಾಟಿದರೆ ಕರೆಂಟ್ ಕಡಿಯೋ ಚಿಪ್.

ಎರಡು, ಲೋಹ. ಕಾದ ಕಾಯಿಲ್‌ನಿಂದ ನಿಕಲ್, ಕ್ರೋಮಿಯಂ, ಬೆಸುಗೆಯಿಂದ ಸೀಸ ಮಂಜಿಗೆ ಸೇರುತ್ತೆ. ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 56 ಬಳಕೆದಾರರ ಸಾಧನಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸಿಕ್ಕಿತ್ತು. ಸೆರಾಮಿಕ್ ಭಾಗಗಳು, ಒಳ್ಳೆ ಬೆಸುಗೆ ಬಳಸಿ ಇದನ್ನು ಕಡಿಮೆ ಮಾಡೋ ಪ್ರಯತ್ನ ನಡೆದಿದೆ.

ಮೂರು, ಬ್ಯಾಟರಿ. ಅಗ್ಗದ ಸೆಲ್, ತಪ್ಪು ಚಾರ್ಜರ್, ಶಾರ್ಟ್ ಸರ್ಕ್ಯೂಟ್ ಸೇರಿದರೆ ಜೇಬಲ್ಲೇ ಬೆಂಕಿ. ಇದಕ್ಕಂತಲೇ ಯುಎಲ್ 8139 ಅನ್ನೋ ಸುರಕ್ಷತಾ ಮಾನದಂಡ ಇದೆ.

ನಾಲ್ಕು, ಫ್ಲೇವರ್. ಬೆಣ್ಣೆಯ ರುಚಿ ಕೊಡೋ ಡೈಅಸಿಟೈಲ್ ತಿಂಡಿಯಲ್ಲಿ ತೊಂದರೆ ಇಲ್ಲ, ಶ್ವಾಸಕೋಶಕ್ಕೆ ಎಳೆದರೆ ಬೇರೆ ಮಾತು. 2015ರ ಹಾರ್ವರ್ಡ್ ಅಧ್ಯಯನದಲ್ಲಿ 51 ಫ್ಲೇವರ್‌ಗಳ ಪೈಕಿ 39ರಲ್ಲಿ ಅದು ಸಿಕ್ಕಿತ್ತು. ತಿನ್ನೋಕೆ ಸುರಕ್ಷಿತ ಅಂದ್ರೆ ಉಸಿರಾಡೋಕೆ ಸುರಕ್ಷಿತ ಅಂತ ಅಲ್ಲ.

ಇದರ ಅತಿ ಕೆಟ್ಟ ಉದಾಹರಣೆ ಅಮೆರಿಕದಲ್ಲಿ ನಡೀತು. 2019ರಲ್ಲಿ ವೇಪ್ ಸೇದೋ ಯುವಕರು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಮುಖ್ಯ ಕಾರಣವಾಗಿ ಸಿಕ್ಕಿದ್ದು ವಿಟಮಿನ್ ಇ ಅಸಿಟೇಟ್, ಹೆಚ್ಚಾಗಿ ಗಾಂಜಾ ಅಂಶ ಇರೋ ಕಾಳಸಂತೆಯ ದ್ರವಗಳಲ್ಲಿ ಬೆರೆಸಿದ್ದು. ಒಳಗೆ ಏನು ತುಂಬಿದ್ದಾರೆ ಅಂತ ಯಾರೂ ನೋಡದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸರಿಪಡಿಸೋಕಾಗದ್ದು

ಮೊದಮೊದಲು ಬಂದ ವೇಪ್‌ಗಳ ಬಗ್ಗೆ ಸಿಗರೇಟು ಸೇದೋರ ದೂರು ಒಂದೇ ಇತ್ತು: ಕಿಕ್ ಸಿಗಲ್ಲ. ನಿಕೋಟಿನ್ ಹೆಚ್ಚಿಸಿದರೆ ಗಂಟಲು ಉರಿ. ಕಂಪನಿಗಳು ಇದನ್ನೂ ದೋಷ ಅಂತಲೇ ನೋಡಿ "ಸುಧಾರಿಸಿದವು". ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ನಿಕೋಟಿನ್ ಸಾಲ್ಟ್ ಮಾಡಿದರು. ಕ್ಷಾರ ಗುಣ ತಗ್ಗಿತು, ಉರಿ ಹೋಯ್ತು. 2015ರಲ್ಲಿ ಅಮೆರಿಕದಲ್ಲಿ ಬಂದ ಜೂಲ್ ಇದೇ ಸೂತ್ರದ್ದು, ಶೇ 5 ನಿಕೋಟಿನ್. ಯುರೋಪಿನಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮಿತಿ, ಅಂದ್ರೆ ಶೇ 2. ಅಮೆರಿಕದಲ್ಲಿ 2019ರ ಹೊತ್ತಿಗೆ ಹೈಸ್ಕೂಲ್ ಮಕ್ಕಳಲ್ಲಿ ಶೇ 27.5ರಷ್ಟು ಜನ ವೇಪ್ ಸೇದ್ತಿದ್ದರು.

ಇಲ್ಲೇ ಇರೋದು ಗಂಟು. ಚಿಪ್ ಸುಧಾರಿಸಿದರೆ ವಿಷ ಕಡಿಮೆಯಾಗುತ್ತೆ, ಸರಿ. ಆದರೆ ನಿಕೋಟಿನ್ ನುಣ್ಣಗೆ, ವೇಗವಾಗಿ ತಲುಪಿಸೋದೇ ಈ ಸಾಧನದ ಕೆಲಸ. ಆ ಕೆಲಸವನ್ನು ಅದು ಚೆನ್ನಾಗಿ ಮಾಡಿದಷ್ಟೂ ನಿಮ್ಮನ್ನು ಬಿಡಲ್ಲ. ಸಿಗರೇಟು ಉರಿದು ಮುಗಿಯುತ್ತೆ, "ಒಂದಾಯ್ತು" ಅಂತ ಲೆಕ್ಕ ಸಿಗುತ್ತೆ. ಇದಕ್ಕೆ ಮುಗಿಯೋ ಜಾಗವೇ ಇಲ್ಲ. ಸ್ಟ್ಯಾಂಡಪ್ ಕಾಲ್‌ನಲ್ಲಿ, ಹಾಸಿಗೇಲಿ, ಬಾತ್‌ರೂಮಲ್ಲಿ, ಕೈ ತಾನಾಗೇ ಹೋಗುತ್ತೆ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳ್ಬೇಕು. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಬಂದ 886 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯ್ತು. ವರ್ಷದ ನಂತರ ಸಿಗರೇಟು ಬಿಟ್ಟವರು ಇ-ಸಿಗರೇಟ್ ಗುಂಪಿನಲ್ಲಿ ಶೇ 18, ನಿಕೋಟಿನ್ ಗಮ್, ಪ್ಯಾಚ್ ಗುಂಪಿನಲ್ಲಿ ಶೇ 9.9. ವೇಪ್ ಗೆದ್ದಿತು. ಆದರೆ ಹಾಗೆ ಬಿಟ್ಟವರಲ್ಲಿ ಶೇ 80 ಜನ ಇನ್ನೂ ವೇಪ್ ಸೇದ್ತಿದ್ದರು; ಗಮ್, ಪ್ಯಾಚ್ ಕಡೆ ಅದನ್ನೇ ಮುಂದುವರಿಸಿದ್ದವರು ಶೇ 9. ಅಲ್ಲಿ ಕೌನ್ಸೆಲಿಂಗ್ ಜೊತೆಗಿತ್ತು, ಸರಕಿನ ಮೇಲೆ ನಿಯಮ ಇತ್ತು ಅನ್ನೋದನ್ನೂ ಮರೀಬೇಡಿ.

ಪುಣೆಯಲ್ಲಿ ನಿಂತು ನೋಡಿದರೆ

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷದ ಕಾಯ್ದೆಯಿಂದ ಇಡೀ ದೇಶಕ್ಕೆ ಅನ್ವಯ. ತಯಾರಿಕೆ, ಆಮದು, ಮಾರಾಟ, ಸಾಗಣೆ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, 5 ಲಕ್ಷದವರೆಗೆ. ಸರಕು ಕೂಡಿಡೋಕೆ ಜಾಗ ಕೊಟ್ಟವರಿಗೂ ಆರು ತಿಂಗಳು, 50,000ದವರೆಗೆ. "ಸೇದೋದು ಅಪರಾಧ ಅಂತ ಬರೆದಿಲ್ವಲ್ಲ" ಅಂತ ಕೆಲವರು ವಾದ ಮಾಡ್ತಾರೆ. ಆದರೆ ಆಮದು, ಸಾಗಣೆ, ಮಾರಾಟ ಇಲ್ಲದೆ ಅದು ನಿಮ್ಮ ಕೈಗೆ ಬರೋದು ಹೇಗೆ? ದುಬೈಗೆ ಆನ್‌ಸೈಟ್ ಹೋದವರ ಹತ್ರ "ಒಂದು ತಂದ್ಕೊಡು" ಅನ್ನೋ ಮುಂಚೆ ಇದನ್ನು ಯೋಚಿಸಿ.

ಈಗ ಎರಡನ್ನೂ ಜೋಡಿಸಿ. ಉಷ್ಣತೆ ಮಿತಿ, ಬ್ಯಾಟರಿ ಮಾನದಂಡ, ದ್ರವದ ಪರೀಕ್ಷೆ, ಈ ಸುಧಾರಣೆಗಳೆಲ್ಲ ನಿಯಮ ಇರೋ ಮಾರುಕಟ್ಟೆಗೆ ಸೇರಿದ್ದು. ಇಲ್ಲಿ ಕದ್ದುಮುಚ್ಚಿ ಸಿಗೋ ಪೆನ್ನಿನಲ್ಲಿ ಯಾವ ಚಿಪ್ ಇದೆ, ಎಷ್ಟು ನಿಕೋಟಿನ್ ಇದೆ, ಯಾರೂ ಪರೀಕ್ಷಿಸಿಲ್ಲ. ಪ್ಯಾಕೆಟ್ ಮೇಲಿನ ಅಕ್ಷರವೇ ಗ್ಯಾರಂಟಿ. ಅಂದ್ರೆ ಅವನು ಕಾಯ್ತಿರೋ "ಸೇಫ್ ಮಾಡೆಲ್" ಬಂದರೂ ಟಪರಿ ಪಕ್ಕ ನಿಂತಿರೋ ಅವನಿಗೆ ತಲುಪಲ್ಲ.

ಹಾಗಾದ್ರೆ ಏನ್ಮಾಡೋದು?

ಮೊದಲನೇದು, ವೇಪ್ ಎಸೆದು ಸಿಗರೇಟಿಗೆ ವಾಪಸ್ ಹೋಗೋದು ಪರಿಹಾರ ಅಲ್ಲ. ಎರಡೂ ಸೇದ್ತಿದ್ದರೆ ಬಿಡೋ ತಾರೀಖು ಎರಡಕ್ಕೂ ಒಂದೇ ಇರಲಿ.

ಎರಡನೇದು, ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಇದರ ಒಂದು ಕೇಂದ್ರ, ಹಾಗಾಗಿ ಕನ್ನಡದಲ್ಲಿ ಮಾತಾಡ್ಬೇಕು ಅಂತ ಕೇಳಿ. ಚಟದ ವಿಷಯ ಹಿಂದೀಲೋ ಇಂಗ್ಲಿಷಲ್ಲೋ ಹೇಳೋದಕ್ಕೂ ನಮ್ಮ ಭಾಷೇಲಿ ಹೇಳೋದಕ್ಕೂ ವ್ಯತ್ಯಾಸ ಇದೆ.

ಮೂರನೇದು, ನಿಕೋಟಿನ್ ಗಮ್. ಇದನ್ನು ಸಾದಾ ಚೂಯಿಂಗ್ ಗಮ್ ಥರ ಜಗೀಬಾರದು. ಸ್ವಲ್ಪ ಜಗಿದು, ಚುರುಚುರು ಅಂದ ತಕ್ಷಣ ಕೆನ್ನೆ ಮತ್ತು ವಸಡಿನ ಮಧ್ಯೆ ಇಟ್ಕೊಳ್ಳಿ, ಚುರುಕು ಇಳಿದ ಮೇಲೆ ಮತ್ತೆ ಜಗೀರಿ. ಹಾಕೋ ಹದಿನೈದು ನಿಮಿಷ ಮುಂಚೆಯಿಂದ ಕಾಫಿ, ಜ್ಯೂಸ್, ಕೂಲ್‌ಡ್ರಿಂಕ್ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರ್ಕೊಳ್ಳಲ್ಲ. ಎಷ್ಟೋ ಜನ "ಗಮ್ ಕೆಲಸ ಮಾಡಲ್ಲ" ಅನ್ನೋದಕ್ಕೆ ಕಾರಣ ಇದೇ. ಹೃದಯದ ತೊಂದರೆ ಇರೋರು, ಗರ್ಭಿಣಿಯರು ಮೊದಲು ಡಾಕ್ಟರನ್ನು ಕೇಳಿ.

ನಮ್ಮ ಹುಡುಗನಿಗೆ ಬಸ್ಸಲ್ಲಿ ಇಷ್ಟೂ ಹೇಳಿದೆ. ಅವತ್ತು ಏನೂ ಅನ್ನಲಿಲ್ಲ. ಎರಡು ವಾರದ ಮೇಲೆ ಮೆಸೇಜ್ ಬಂತು: "ಫೋನ್ ಹಚ್ಚಿದ್ದೆ ಸರ. ನಾಕು ದಿನ ಆತು. ತಲಿ ಭಾಳ ಸಿಡೀತೈತಿ, ಯಾರ ಮಾತಾಡಿದ್ರೂ ಸಿಟ್ಟು ಬರ್ತೈತಿ." ನಿಕೋಟಿನ್ ಬಿಟ್ಟಾಗ ಮೊದಲ ವಾರ ಹಾಗೇ ಇರುತ್ತೆ, ಆಮೇಲೆ ಇಳಿಯುತ್ತೆ ಅಂತ ಬರೆದೆ. ಈಗಲೂ ಬೆಳಗ್ಗೆ ಅದೇ ಟಪರಿ ಹತ್ರ ಸಿಗ್ತಾನೆ. ಚಹಾ ಕುಡೀತೀವಿ, ಬಸ್ಸು ಹತ್ತುತೀವಿ.

ನಿಮ್ಮ ಟೀಮಲ್ಲೂ ಇಂಥ ಒಬ್ಬರು ಇದ್ದರೆ ಆ ನಂಬರ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.