ವಾಪಸ್ ಬಂದದ್ದು ಯಾವ ಊರಿಗೆ?

ವಿದೇಶದಲ್ಲಿ ಹತ್ತು-ಹನ್ನೆರಡು ವರ್ಷ ಇದ್ದು ವಾಪಸ್ ಬಂದವರ ಹತ್ತಿರ ಮಾತಾಡಿದರೆ ಒಂದೇ ಸಂಜೆಯಲ್ಲಿ ಎರಡು ಮಾತು ಕೇಳಿಸುತ್ತೆ. ಚಹಾ ಕುಡಿಯುವಾಗ "ಬಂದದ್ದು ಒಳ್ಳೇದೇ ಆಯ್ತು ಬಿಡಿ" ಅಂತಾರೆ. ಊಟ ಮುಗಿಯೋ ಹೊತ್ತಿಗೆ "ಇನ್ನೊಂದೆರಡು ವರ್ಷ ಇದ್ದು ಬರಬಹುದಿತ್ತು" ಅಂತಾರೆ. ಕೇಳಿದವರು ಇದನ್ನು ಗೊಂದಲ ಅಂದುಕೊಳ್ತಾರೆ. ಡಾಲರ್ ಚಪಲ ಅಂತ ಹಂಗಿಸೋರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ಎರಡೂ ಮಾತು ನಿಜ, ಎರಡಕ್ಕೂ ಬೇರೆ ಬೇರೆ ಕಾರಣ ಇದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಅಮೆರಿಕದಿಂದ ಬಂದವರ ಉದಾಹರಣೆಯನ್ನೇ ತಗೊಳ್ತೀನಿ, ಯಾಕಂದ್ರೆ ಅಲ್ಲಿನ ಕಾನೂನಿಗೂ ಈ ಕತೆಯಲ್ಲಿ ಒಂದು ಪಾತ್ರ ಇದೆ.

ಮೊದಲು ಒಂದು ಹಳೇ ಪ್ರಬಂಧದ ವಿಷಯ. ಆಲ್ಫ್ರೆಡ್ ಶುಟ್ಸ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ, ವಿಯೆನ್ನಾದವರು. ಊರು ಬಿಟ್ಟು ಪ್ಯಾರಿಸ್‌ಗೆ, ಅಲ್ಲಿಂದ 1939ರಲ್ಲಿ ನ್ಯೂಯಾರ್ಕಿಗೆ ಹೋದವರು. ಯುದ್ಧಕ್ಕೆ ಹೋದ ಸೈನಿಕರು ಮನೆಗೆ ಮರಳಿದರೆ ಏನಾಗುತ್ತೆ ಅನ್ನೋ ಪ್ರಶ್ನೆ ಎದ್ದಿದ್ದ 1945ರಲ್ಲಿ 'ದಿ ಹೋಮ್‌ಕಮರ್' ಅನ್ನೋ ಪ್ರಬಂಧ ಬರೆದರು. ಅದರಲ್ಲಿನ ಮುಖ್ಯ ಮಾತು ಸರಳ. ಪರದೇಶಕ್ಕೆ ಹೋಗುವವನಿಗೆ ಅಲ್ಲಿ ಎಲ್ಲವೂ ಹೊಸದು ಅಂತ ಗೊತ್ತಿರುತ್ತೆ, ತಯಾರಾಗಿ ಹೋಗ್ತಾನೆ. ಮನೆಗೆ ಮರಳುವವನು ಯಾವ ತಯಾರಿಯನ್ನೂ ಮಾಡಿಕೊಳ್ಳಲ್ಲ. ನನಗೆ ಎಲ್ಲಾ ಗೊತ್ತಿರೋ ಜಾಗ ತಾನೇ ಅಂದುಕೊಂಡು ಬರ್ತಾನೆ. ಗ್ರೀಕ್ ಕಾವ್ಯದ ಒಡಿಸ್ಸಿಯಸ್ ಇಪ್ಪತ್ತು ವರ್ಷ ದೂರವಿದ್ದು ಕೊನೆಗೆ ತನ್ನ ದ್ವೀಪದ ದಡದಲ್ಲಿ ಎಚ್ಚರವಾದಾಗ ಅದು ತನ್ನ ಊರು ಅಂತಲೇ ಅವನಿಗೆ ಗೊತ್ತಾಗಲ್ಲ. ಶುಟ್ಸ್ ತಮ್ಮ ಪ್ರಬಂಧ ಶುರು ಮಾಡೋದೇ ಅಲ್ಲಿಂದ.

ನಮ್ಮವರಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತೆ: ರಜೆ. ಎರಡು ವರ್ಷಕ್ಕೊಮ್ಮೆ ಮೂರು ವಾರ ಬರ್ತಿದ್ದವರನ್ನು ನೆನಪಿಸಿಕೊಳ್ಳಿ. ಆಗ ನೀವು ಅತಿಥಿ. ಹೋಳಿಗೆ ಮಾಡ್ತಿದ್ರು, ಅಕ್ಕ ಎರಡು ದಿನ ರಜೆ ಹಾಕಿ ಬರ್ತಿದ್ಲು, ಆಸ್ತಿ ಜಗಳದ ಸುದ್ದಿಯನ್ನು ನಿಮ್ಮ ಕಿವಿಗೆ ಹಾಕ್ತಿರಲಿಲ್ಲ. "ಪಾಪ, ಮೂರು ವಾರಕ್ಕೆ ಬಂದಿದಾನೆ" ಅಂತ ಎಲ್ಲದಕ್ಕೂ ವಿನಾಯಿತಿ. ವಾಪಸ್ ಬಂದ ದಿನವೇ ಆ ವಿನಾಯಿತಿ ಮುಗಿಯಿತು. ಭಾನುವಾರ ಗೃಹಪ್ರವೇಶ, ಬುಧವಾರ ಸೀಮಂತ. ಹೋಗದಿದ್ದರೆ "ಊರಲ್ಲೇ ಇದ್ದೂ ಬರಲಿಲ್ಲ" ಅನ್ನೋ ಮಾತು. ಹನ್ನೆರಡು ವರ್ಷ ನೀವು ಹಂಬಲಿಸಿದ್ದು ಅತಿಥಿಯ ಊರಿಗೆ. ಸಿಕ್ಕಿದ್ದು ನಿವಾಸಿಯ ಊರು. ಕಸದ ಗಾಡಿ, ಟ್ರಾಫಿಕ್ಕು ಅಂತ ಜನ ದೂರೋದು ಹೆಚ್ಚು, ಆದರೆ ಅವಕ್ಕೆ ಆರು ತಿಂಗಳಲ್ಲಿ ಒಗ್ಗಿಕೊಳ್ಳಬಹುದು. ಕಷ್ಟ ಇರೋದು ಈ ಪಾತ್ರ ಬದಲಾವಣೆಯಲ್ಲಿ ಅಂತ ನನಗನ್ನಿಸುತ್ತೆ.

ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೊಂದು ಚಿತ್ರವೂ ಇದೆ. 1955ರಲ್ಲಿ ನಾರ್ವೆಯ ಸ್ವೆರ್ರೆ ಲಿಸ್‌ಗೋರ್, ಅಮೆರಿಕಕ್ಕೆ ಓದಲು ಹೋಗಿದ್ದ ತಮ್ಮ ದೇಶದವರನ್ನು ಮಾತಾಡಿಸಿ, ಹೊಂದಾಣಿಕೆ ಇಂಗ್ಲಿಷ್ 'ಯು' ಅಕ್ಷರದ ಹಾಗೆ ಇಳಿದು ಏರುತ್ತೆ ಅಂದರು. 1963ರಲ್ಲಿ ಗುಲ್ಲಾಹಾರ್ನ್ ದಂಪತಿ, ಮನೆಗೆ ಮರಳಿದ ಮೇಲೂ ಅದೇ ಏರಿಳಿತ ಇನ್ನೊಮ್ಮೆ ಆಗುತ್ತೆ, ಎರಡೂ ಸೇರಿ 'ಡಬ್ಲ್ಯೂ' ಆಗುತ್ತೆ ಅಂದರು. ನೆನಪಿಡೋಕೆ ಸುಲಭವಾದ ಚಿತ್ರ, ಅಷ್ಟೇ. ಎಲ್ಲರಿಗೂ ಹೀಗೇ ಆಗುತ್ತೆ ಅನ್ನೋದಕ್ಕೆ ನಂತರದ ಅಧ್ಯಯನಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ.

ಈಗ ಕಾನೂನಿಗೆ ಬರೋಣ. ಎಚ್-1ಬಿ ವೀಸಾ ಸಾಮಾನ್ಯವಾಗಿ ಆರು ವರ್ಷ. ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ ಅದರಾಚೆ ವಿಸ್ತರಣೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.4 ಲಕ್ಷ, ಅದರಲ್ಲಿ ಯಾವುದೇ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ರ ಮಿತಿ. ಭಾರತದವರ ಸಾಲು ಯಾಕೆ ಕರಗಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಹಾಗಾಗಿ "ನಾನೇ ನಿರ್ಧಾರ ಮಾಡಿ ಬಂದೆ" ಅನ್ನೋದರಲ್ಲಿ ಎಷ್ಟು ತನ್ನ ಇಷ್ಟ, ಎಷ್ಟು ಸಾಲಿನ ಸುಸ್ತು ಅಂತ ಬೇರ್ಪಡಿಸೋದು ಬಂದವರಿಗೇ ಕಷ್ಟ.

ಬಂದ ಮೇಲಿನ ಲೆಕ್ಕ ಇನ್ನೂ ಸ್ವಾರಸ್ಯ. ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ಆರ್‌ಎನ್‌ಒಆರ್ ಅಂತ ಒಂದು ಸ್ಥಾನ ಇದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದದ್ದು 729 ದಿನ ದಾಟದಿದ್ದರೆ ಅದು ಸಿಗುತ್ತೆ. ಬಹಳ ಜನಕ್ಕೆ ಇದು ಎರಡು ವರ್ಷ, ಕೆಲವರಿಗೆ ಮೂರು. ಅಷ್ಟು ಕಾಲ ಅಲ್ಲಿನ ಬಡ್ಡಿ, ಡಿವಿಡೆಂಡ್‌ಗಳಂಥ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆ ಬೀಳಲ್ಲ. ಅದರ ಪೂರ್ತಿ ಹೆಸರಿನ ಅರ್ಥ "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಅಂತ. ವಾಪಸ್ ಬಂದವರ ಮನಸ್ಸಿಗೆ ಇದಕ್ಕಿಂತ ಒಳ್ಳೇ ಹೆಸರನ್ನು ಯಾವ ಕವಿಯೂ ಕೊಟ್ಟಿರಲಾರ!

ಅತ್ತ ಅಮೆರಿಕದಲ್ಲಿ, ಗ್ರೀನ್ ಕಾರ್ಡ್ ಇರುವವರು ವರ್ಷಕ್ಕಿಂತ ಹೆಚ್ಚು ಹೊರಗಿರಬೇಕಾದರೆ ಮರುಪ್ರವೇಶ ಪರವಾನಗಿ ಬೇಕು. ಅದರ ಅವಧಿ ಗರಿಷ್ಠ 2 ವರ್ಷ. ಅಂದರೆ ಎರಡೂ ದೇಶದ ಕಾನೂನು, ಒಂದಕ್ಕೊಂದು ಸಂಬಂಧವಿಲ್ಲದೆ, ಹೆಚ್ಚುಕಡಿಮೆ ಎರಡು ವರ್ಷ ಬಾಗಿಲನ್ನು ಅರ್ಧ ತೆರೆದಿಡುತ್ತವೆ. "ಎರಡು ವರ್ಷ ನೋಡೋಣ" ಅನ್ನೋ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಹೀಗೆ ನೋಡ್ತಾ ಕೂತವರು ಸೋಫಾ ಕೊಳ್ಳಲ್ಲ, ಪುಸ್ತಕದ ಡಬ್ಬ ಬಿಚ್ಚಲ್ಲ, ಪಕ್ಕದ ಮನೆಯವರ ಹೆಸರು ಕೇಳಲ್ಲ. ಊರಿನ ಪರೀಕ್ಷೆ ಅಂತ ಶುರುವಾದದ್ದು ಊರಿಗೆ ಅವಕಾಶವನ್ನೇ ಕೊಡದೆ ಮುಗಿದುಹೋಗುತ್ತೆ. ಎಚ್-1ಬಿಯಲ್ಲಿ ಬಂದವರಿಗೆ ಬಾಗಿಲು ಇನ್ನೂ ಭಾರ: 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ, ದೇಶದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು.

ಅಪ್ಪ-ಅಮ್ಮನಿಗಾಗಿ ಬಂದೆ ಅನ್ನೋದು ಎಲ್ಲರೂ ಹೇಳುವ ಕಾರಣ, ನಿಜವಾದ ಕಾರಣವೂ ಹೌದು. ಆದರೆ ಅವರು ಇರೋದು ಕಲಬುರಗಿಯಲ್ಲಿ, ಬೆಳಗಾವಿಯಲ್ಲಿ, ವಿಜಯಪುರದಲ್ಲಿ. ಕೆಲಸ ಸಿಗೋದು ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ. ಇಲ್ಲಿ ಭೂಪಟ ತೆಗೆದು ನೋಡಬೇಕು. ಕಲಬುರಗಿಗೆ ಹೈದರಾಬಾದಿನಿಂದ ಸುಮಾರು 220 ಕಿಲೋಮೀಟರ್, ಬೆಂಗಳೂರಿನಿಂದ ಅದರ ಎರಡು ಪಟ್ಟಿಗಿಂತ ಹೆಚ್ಚು. ಬೆಳಗಾವಿಗೂ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಆದರೂ ಪುಣೆಗೆ ಬಂದವರಿಗೆ ನೆಂಟರು "ಇನ್ನೂ ಊರಿಗೆ ಬಂದಿಲ್ವಲ್ಲ" ಅಂತಾರೆ, ಬೆಂಗಳೂರಿಗೆ ಹೋದವರಿಗೆ "ಬಂದ್ಬಿಟ್ರಲ್ಲ" ಅಂತಾರೆ. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂದರೆ ಲೆಕ್ಕಕ್ಕೆ ಬರೋದು ರಾಜ್ಯದ ಗಡಿಯಲ್ಲ, ಎಷ್ಟು ಗಂಟೆಯ ದಾರಿ ಅನ್ನೋದು. ಐದು ಗಂಟೆಯ ದಾರಿಯೂ ಆ ಹೊತ್ತಿಗೆ ದೂರವೇ. ಹದಿಮೂರು ಸಾವಿರ ಕಿಲೋಮೀಟರ್ ದಾಟಿ ಬಂದ ಮೇಲೂ ಉಳಿಯುವ ಈ ಕೊನೆಯ ಇನ್ನೂರು-ಮುನ್ನೂರು ಕಿಲೋಮೀಟರ್ ಇದೆಯಲ್ಲ, ಸಂಕಟ ಇರೋದು ಅಲ್ಲಿ. ಯಾಕಂದ್ರೆ ಇದಕ್ಕೆ ವೀಸಾ ನೆಪ ಹೇಳೋಕಾಗಲ್ಲ.

ಮಕ್ಕಳ ವಿಷಯ ಬೇರೆ. ಅಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ, ಇಲ್ಲಿ ಒಸಿಐ ಕಾರ್ಡಿನ ಮೇಲೆ ಇರುತ್ತೆ. ದೊಡ್ಡದಾದ ಮೇಲೆ ಇಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪ-ಅಮ್ಮನಿಗೆ ಇದು ಮರಳಿ ಬಂದದ್ದು, ಮಗುವಿಗೆ ಊರು ಬಿಟ್ಟು ಬಂದದ್ದು. ಒಂದೇ ವಿಮಾನದಲ್ಲಿ ಕೂತು ಬಂದವರು ಎರಡು ಬೇರೆ ಪ್ರಯಾಣ ಮಾಡಿರ್ತಾರೆ.

ಭಾಷೆಯಲ್ಲಿ ಇದು ಎದ್ದು ಕಾಣುತ್ತೆ. ಕರ್ನಾಟಕಕ್ಕೆ ಬಂದರೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಶಾಲೆಯಲ್ಲಿ ಕನ್ನಡ ಇರುತ್ತೆ. ಹೈದರಾಬಾದಿಗೆ ಬಂದರೆ ತೆಲಂಗಾಣದ 2018ರ ಕಾಯ್ದೆಯಂತೆ ತೆಲುಗು, ಪುಣೆಗೆ ಬಂದರೆ ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಮರಾಠಿ. ಅಮೆರಿಕದ ಹಲವು ಊರುಗಳಲ್ಲಿ ಕನ್ನಡ ಕೂಟದವರು ವಾರಾಂತ್ಯದ ಕನ್ನಡ ಶಾಲೆ ನಡೆಸ್ತಾರೆ. ಅಲ್ಲಿ ಅ ಆ ಇ ಈ ಕಲಿತಿದ್ದ ಮಗು ಪುಣೆಗೆ ಬಂದ ಮೇಲೆ ಮರಾಠಿ, ಹಿಂದಿಯ ಹೋಂವರ್ಕ್ ಮಧ್ಯೆ ಅದನ್ನು ಬಿಟ್ಟೇಬಿಡುತ್ತೆ. ಅಜ್ಜಿಗೆ ಹತ್ತಿರ ಬಂದು ಅಜ್ಜಿಯ ಅಕ್ಷರ ಮರೆಯೋದು ಅಂದರೆ ಇದೇ. ಮಾತು ಮಾತ್ರ ಉಳಿದುಕೊಳ್ಳುತ್ತೆ, ಅದೂ ಶನಿವಾರ ಬಸ್ ಹತ್ತಿ ಹೋಗಿಬಂದರೆ. ಆ ಮಗುವನ್ನು ಎಲ್ಲಿಗೆ ಹೊರಟೆ ಅಂತ ಕೇಳಿದರೆ "ನಮ್ಮೂರಿಗೆ" ಅನ್ನಲ್ಲ, "ಅಜ್ಜಿ ಊರಿಗೆ" ಅನ್ನುತ್ತೆ.