ಕಾಂಡ್ಲಾ ಕಾಡಿಗೆ ತಿಥಿ ನೋಡಿ ಹೊರಡಿ

ಹೇರೋಹಳ್ಳಿ, ಮಲ್ಲತ್ತಹಳ್ಳಿ ಕೆರೆಗಳಲ್ಲಿ ಹಕ್ಕಿ ನೋಡಿ ರೂಢಿಯಾದವರು ಬೆಳಿಗ್ಗೆ ಆರಕ್ಕೆ ದಂಡೆಯಲ್ಲಿದ್ದರೆ ಸಾಕು ಎಂದುಕೊಂಡಿರುತ್ತಾರೆ. ಹೊನ್ನಾವರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಶರಾವತಿ ಕಡಲು ಸೇರುವ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಹಕ್ಕಿಗಳ ಊಟದ ಹೊತ್ತು ಉಬ್ಬರ-ಇಳಿತದ ಕೈಯಲ್ಲಿದೆ.

ಲಗ್ಗೆರೆಯವರಿಗೆ ದಾರಿ ಸುಲಭ. ಗೊರಗುಂಟೆಪಾಳ್ಯದಲ್ಲಿ ರಾತ್ರಿ ಬಸ್ಸು ಹತ್ತಿದರೆ ತುಮಕೂರು, ಶಿವಮೊಗ್ಗ, ಸಾಗರದ ಮೇಲೆ ಬೆಳಿಗ್ಗೆ ಹೊನ್ನಾವರ. ರೈಲೇ ಬೇಕೆಂದರೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ.

ಟಿಕೆಟ್ಟಿಗೆ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳಂದು ನಮ್ಮ ಕರಾವಳಿಯಲ್ಲಿ ನೀರು ಏರಿ ನಿಲ್ಲುವುದು ಸುಮಾರು ಮಧ್ಯಾಹ್ನಕ್ಕೆ ಮುಂಚೆ. ಇಳಿಯುವುದು ನಸುಕಿಗೆ ಮತ್ತು ಸಂಜೆಗೆ. ಈ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ಚೌತಿ, ಪಂಚಮಿ ಬರುವಷ್ಟರಲ್ಲಿ ಇಳಿತ ಬೆಳಿಗ್ಗೆ ಎಂಟು-ಒಂಬತ್ತರ ಹೊತ್ತಿಗೆ ಬಂದು ಕೂತಿರುತ್ತದೆ. ಬಸ್ಸಿಳಿದು, ತಿಂಡಿ ತಿಂದು ಹೋಗಲು ಹೇಳಿಮಾಡಿಸಿದ ಸಮಯ! ಇದು ಅಂದಾಜಷ್ಟೇ, ಹೊರಡುವ ಮುನ್ನ ಮೊಬೈಲಿನಲ್ಲಿ ಉಬ್ಬರದ ಪಟ್ಟಿ ನೋಡಿ ಖಚಿತಪಡಿಸಿಕೊಳ್ಳಿ. ತಿಂಗಳು ನವೆಂಬರಿನಿಂದ ಫೆಬ್ರವರಿಯೊಳಗಿರಲಿ, ಆಗ ಉತ್ತರದ ಚಳಿನಾಡುಗಳಿಂದ ವಲಸೆ ಬಂದ ಹಕ್ಕಿಗಳೂ ಇರುತ್ತವೆ.

ಮರದ ಹಲಗೆಗಳ ಕಾಲುದಾರಿಯಲ್ಲಿ ಒಂದೆಡೆ ನಿಂತುಬಿಡಿ. ನಡೆದಷ್ಟೂ ಹಲಗೆ ಸದ್ದು ಮಾಡುತ್ತದೆ. ನೀರು ಸರಿದ ಕೆಸರಲ್ಲಿ ಮೊದಲು ಏಡಿಗಳು ಕಾಣುತ್ತವೆ: ಗಂಡಿಗೆ ಒಂದು ಕೊಂಡಿ ಮಾತ್ರ ದೊಡ್ಡದು, ಅದನ್ನೇ ಎತ್ತಿ ಎತ್ತಿ ಬೀಸುತ್ತದೆ. ಆಮೇಲೆ ಹಕ್ಕಿಗಳು. ಗಿಡ್ಡ ಕೊಕ್ಕಿನ ಪ್ಲೋವರ್ ನಾಲ್ಕು ಹೆಜ್ಜೆ ಓಡಿ, ನಿಂತು, ಕಣ್ಣಿಗೆ ಬಿದ್ದದ್ದನ್ನು ಹೆಕ್ಕುತ್ತದೆ. ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂಗೆ ನೋಡುವ ಹಂಗಿಲ್ಲ. ಕೊಕ್ಕನ್ನು ಬಿಲದೊಳಗೆ ತೂರಿಸಿ ತಡಕಿ ಏಡಿಯನ್ನು ಎಳೆಯುತ್ತದೆ. ಒಂದೇ ಕೆಸರಿನಲ್ಲಿ ಇಬ್ಬರಿಗೂ ಜಗಳವಿಲ್ಲದೆ ಊಟ ಸಿಗುವುದು ಹೀಗೆ. ಬೇರಿನ ಮೇಲೆ ಮಿಂಚುಳ್ಳಿ, ಮೇಲೆ ಗರುಡ ಹೆಚ್ಚಾಗಿ ಕಾಣುತ್ತವೆ. 8x42 ದುರ್ಬೀನು ಧಾರಾಳ ಸಾಕು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವ ಚಾಳಿ ಮಾತ್ರ ಬೇಡ.

ದಾರಿ ಬಿಟ್ಟು ಕೆಳಗಿಳಿಯಬೇಡಿ. ಕೆಸರಿನಿಂದ ಪೆನ್ಸಿಲಿನಂತೆ ಎದ್ದು ನಿಂತಿರುವವು ಮರದ ಉಸಿರಾಟದ ಬೇರುಗಳು. ಗಾಳಿಯಾಡದ ಮಣ್ಣಲ್ಲಿ ಮರ ಬದುಕಿರುವುದು ಅವುಗಳಿಂದಲೇ.

ತಲುಪುವಾಗ ಉಬ್ಬರವಿದ್ದರೆ ದೋಣಿ ಹತ್ತಿ. ಊಟ ಮುಗಿಸಿದ ಬೆಳ್ಳಕ್ಕಿಗಳು ಆಗ ಕೊಂಬೆಗಳ ಮೇಲೆ ಸುಮ್ಮನೆ ಕೂತಿರುತ್ತವೆ. ಇನ್ನೊಂದು ದಿನ ಕೈಯಲ್ಲಿದ್ದರೆ ಕುಮಟಾ ಬಳಿಯ ಅಘನಾಶಿನಿ ಅಳಿವೆಗೂ ಹೋಗಿಬನ್ನಿ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್ಸರ್ ತಾಣಗಳ ಪಟ್ಟಿ ಸೇರಿದೆ. ಇಳಿತದಲ್ಲಿ ಅಲ್ಲಿ ತೆರೆದುಕೊಳ್ಳುವ ಕೆಸರುಬಯಲು ವಿಶಾಲವಾದದ್ದು. ಬಿಸಿಲಿಗೆ ಟೋಪಿ ಮರೆಯಬೇಡಿ.