ಮಲಗಿದರೆ ಕಟ್ಟುವ ಉಸಿರು

1944ರ ಮಾರ್ಚ್ ಕೊನೆಯ ಹೊತ್ತಿಗೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೆಮ್ಮಿ ಕೆಮ್ಮಿ ಹಣ್ಣಾಗಿದ್ದರು. ಕಿವಿ-ಮೂಗು-ಗಂಟಲು ತಜ್ಞರಾಗಿದ್ದ ಅವರ ಖಾಸಗಿ ವೈದ್ಯರು ಫ್ಲೂ, ಶ್ವಾಸನಾಳದ ಸೋಂಕು ಎಂದೇ ಹೇಳುತ್ತಿದ್ದರು. ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞ ಹೊವಾರ್ಡ್ ಬ್ರೂನ್ ಅವರನ್ನು ಪರೀಕ್ಷಿಸಿದಾಗ ರಕ್ತದೊತ್ತಡ 186/108 ಇತ್ತು. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಾಣುತ್ತಿತ್ತು. ಶ್ವಾಸಕೋಶದ ತಳಭಾಗದಲ್ಲಿ ನೀರು ಸೇರಿದಾಗ ಕೇಳುವ ಚರಚರ ಸದ್ದಿತ್ತು. ಸೋಂಕೂ ಇತ್ತು, ಆದರೆ ಮೂಲ ಕಾಯಿಲೆ ಇದ್ದದ್ದು ಹೃದಯದ ಎಡಭಾಗದಲ್ಲಿ.

ಅಷ್ಟು ದೊಡ್ಡ ಮನುಷ್ಯನ ವಿಷಯದಲ್ಲಿ ಆದದ್ದೇ ಇಂದಿಗೂ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಕೆಮ್ಮು, ದಮ್ಮು, ವಯಸ್ಸಾಯಿತು ಎಂದುಕೊಂಡು ತಿಂಗಳುಗಳು ಕಳೆದುಹೋಗುತ್ತವೆ. ಹೃದಯದ ತೊಂದರೆ ಎಂದರೆ ಎದೆನೋವು ಎಂದೇ ನಾವು ನಂಬಿರುವುದರಿಂದ ಉಸಿರಾಟದ ಕಷ್ಟವನ್ನು ಹೃದಯಕ್ಕೆ ಜೋಡಿಸಿ ನೋಡುವುದೇ ಇಲ್ಲ.

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಹೃದಯದ ಎಡಭಾಗಕ್ಕೆ ಬರುತ್ತದೆ. ಅಲ್ಲಿಂದ ಅದನ್ನು ಇಡೀ ಮೈಗೆ ತಳ್ಳುವುದು ಎಡ ಹೃತ್ಕುಕ್ಷಿ. ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್. ಈ ಕೋಣೆ ಸೋತಾಗ ಹೃದಯವೇನೂ ನಿಂತುಬಿಡುವುದಿಲ್ಲ, ಬಂದ ರಕ್ತವನ್ನು ಬಂದ ವೇಗದಲ್ಲಿ ಮುಂದಕ್ಕೆ ಸಾಗಿಸಲು ಅದಕ್ಕೆ ಆಗುವುದಿಲ್ಲ, ಅಷ್ಟೆ. ಹಿಂದೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಏರಿ, ನೀರಿನಂಶ ಹೊರಗೆ ಜಿನುಗುತ್ತದೆ. ಹೆಚ್ಚಾದರೆ ಗಾಳಿಚೀಲಗಳಿಗೇ ಇಳಿಯುತ್ತದೆ.

ರಾತ್ರಿ ಇದು ಜೋರಾಗುವುದಕ್ಕೂ ಕಾರಣವಿದೆ. ಹಗಲೆಲ್ಲ ಕಾಲಿನ ಕಡೆ ತಂಗಿದ್ದ ರಕ್ತ ಮತ್ತು ನೀರಿನಂಶ ಅಂಗಾತ ಮಲಗಿದ ಕೂಡಲೇ ಎದೆಯತ್ತ ಮರಳಲು ಶುರುವಾಗುತ್ತದೆ. ಗಟ್ಟಿಯಾಗಿರುವ ಬಲಭಾಗ ಅದನ್ನೆಲ್ಲ ಶ್ವಾಸಕೋಶಕ್ಕೆ ತಳ್ಳುತ್ತದೆ, ಎಡಭಾಗ ಅದನ್ನು ತೆರವು ಮಾಡಲಾರದು. ನಿದ್ದೆ ಹತ್ತಿ ಒಂದೆರಡು ಗಂಟೆಯಲ್ಲೇ ಉಸಿರುಗಟ್ಟಿ ಎಚ್ಚರವಾಗುತ್ತದೆ. ರೋಗಿ ಎದ್ದು ಮಂಚದಂಚಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ, ಕಿಟಕಿ ತೆರೆಯುತ್ತಾರೆ. ಸ್ವಲ್ಪ ಹೊತ್ತಿಗೆ ನಿರಾಳವಾಗುತ್ತದೆ. ಕಿಟಕಿಯ ಗಾಳಿಯಿಂದ ಗುಣವಾಯಿತು ಅನ್ನಿಸಿದರೂ ನಿಜವಾಗಿ ಕೆಲಸ ಮಾಡಿದ್ದು ಎದ್ದು ಕೂತದ್ದು. “ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?” ಎಂದು ವೈದ್ಯರು ಕೇಳುವುದು ಇದಕ್ಕೇ. ಒಂದು ದಿಂಬು ಮೂರಾಗಿದ್ದರೆ ಆ ಉತ್ತರದಲ್ಲೇ ಅರ್ಧ ಸುಳಿವು ಸಿಕ್ಕಿರುತ್ತದೆ.

ಹೃದಯಾಘಾತದಲ್ಲಿ ಸತ್ತ ಸ್ನಾಯು, ವರ್ಷಗಟ್ಟಲೆ ನಿರ್ಲಕ್ಷಿಸಿದ ಬಿ.ಪಿ., ಸಕ್ಕರೆ ಕಾಯಿಲೆ, ಕುಡಿತ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟ ಇವೆಲ್ಲ ಹೃದಯದ ಈ ಸೋಲಿಗೆ ದಾರಿ. ಹೆರಿಗೆಯ ಆಸುಪಾಸಿನಲ್ಲಿ ಕೆಲವು ಹೆಣ್ಣುಮಕ್ಕಳಿಗೂ ಬರುತ್ತದೆ. ಬಾಣಂತಿಯ ಏದುಸಿರನ್ನು ಸುಸ್ತು ಎಂದು ತಳ್ಳಿಹಾಕಬಾರದು. ಹೃದಯದ ಎಕೋ (ಅಲ್ಟ್ರಾಸೌಂಡ್) ಪರೀಕ್ಷೆಯ ವರದಿಯಲ್ಲಿ ‘ಇ.ಎಫ್.’ ಎಂಬ ಅಂಕಿ ಇರುತ್ತದೆ: ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇಕಡ ಎಷ್ಟು ಹೊರಹೋಯಿತು ಎಂಬ ಲೆಕ್ಕ. 40 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೃದಯದ ಹಿಂಡುವ ಶಕ್ತಿ ಕುಗ್ಗಿದೆ ಎಂದರ್ಥ. ಆದರೆ 50ರ ಮೇಲಿದ್ದರೂ ನೆಮ್ಮದಿಯಿಂದ ಕೂರುವಂತಿಲ್ಲ. ಹೃತ್ಕುಕ್ಷಿ ಬಿರುಸಾಗಿ, ಸಡಿಲಗೊಂಡು ರಕ್ತ ತುಂಬಿಕೊಳ್ಳಲಾರದೆ ಸೋಲುವುದೂ ಉಂಟು.

ರೂಸ್‌ವೆಲ್ಟರಿಗೆ ಬ್ರೂನ್ ಡಿಜಿಟಾಲಿಸ್ ಎಂಬ ಹೃದಯದ ಔಷಧ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು, ಮಂಚದ ತಲೆಯ ಕಡೆ ಎತ್ತರಿಸಿದರು. ಸುಮಾರು ಎರಡು ವಾರಗಳಲ್ಲಿ ಶ್ವಾಸಕೋಶ ತಿಳಿಯಾಯಿತು. ಆದರೆ ರಕ್ತದೊತ್ತಡ ಇಳಿಸುವ ಒಳ್ಳೆಯ ಮಾತ್ರೆ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು.

ಮುಂದೆ ಬಂದ ತಿಳಿವಳಿಕೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಹೃದಯ ಸೋತಾಗ ದೇಹ ಅಡ್ರಿನಲಿನ್‌ನಂಥ ಹಾರ್ಮೋನುಗಳನ್ನು ಸುರಿಸಿ ಅದನ್ನು ಇನ್ನಷ್ಟು ಓಡಿಸುತ್ತದೆ, ಮೂತ್ರಪಿಂಡಗಳು ಉಪ್ಪು-ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಳಲಿದ ಎತ್ತಿಗೆ ಬಾರುಕೋಲಿನ ಏಟು ಬಿದ್ದಂತೆ ಇದು. ಹೃದಯದ ವೇಗ ತಗ್ಗಿಸುವ ಬೀಟಾ-ಬ್ಲಾಕರ್‌ಗಳನ್ನು ಇಂಥ ರೋಗಿಗಳಿಗೆ ಕೊಡಲೇಬಾರದು ಎನ್ನುತ್ತಿದ್ದ ಕಾಲದಲ್ಲಿ, 1975ರಲ್ಲಿ, ಸ್ವೀಡನ್ನಿನ ಫಿನ್ ವಾಗ್‌ಸ್ಟೀನ್ ಮತ್ತು ಸಂಗಡಿಗರು ಕೊಟ್ಟು ನೋಡಿ, ಸುಧಾರಣೆ ಕಂಡು ಪ್ರಕಟಿಸಿದರು. ವೈದ್ಯಲೋಕ ಅದನ್ನು ಒಪ್ಪಲು ಎರಡು ದಶಕಕ್ಕೂ ಹೆಚ್ಚು ಬೇಕಾಯಿತು. ಅವರ ಆ ಧೈರ್ಯದ ಬಗ್ಗೆ ನನಗೆ ಅಪಾರ ಗೌರವ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್ ಕೂಡ 2019ರಿಂದೀಚೆಗೆ ಈ ಸಾಲಿಗೆ ಸೇರಿದೆ, ಸಕ್ಕರೆ ಇಲ್ಲದವರಿಗೂ ಕೊಡುತ್ತಾರೆ.

ಇಂಥ ರೋಗಿಯ ಮನೆಯಲ್ಲಿ ಬೇಕಾದದ್ದು ಒಂದು ತೂಕದ ಯಂತ್ರ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ದಿನವೂ ತೂಕ ಬರೆದಿಡಬೇಕು. ಎರಡು-ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಬ್ಬಸ ಶುರುವಾಗುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಸಾರಿಗೆ ಉಪ್ಪು ಕಡಿಮೆ ಹಾಕಿ, ತಟ್ಟೆಯ ಪಕ್ಕ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟರೆ ಉಪಯೋಗವಿಲ್ಲ. ಉಸಿರು ಸರಿಹೋಯಿತೆಂದು ಮಾತ್ರೆ ನಿಲ್ಲಿಸುವುದಂತೂ ತೀರಾ ಅಪಾಯ, ಏಕೆಂದರೆ ಉಸಿರು ಸರಿಯಾಗಿರುವುದೇ ಆ ಮಾತ್ರೆಗಳಿಂದ.